ಚಿಮಣಿ ಹೊಗೆ, ಗಟಾರದ ಬಣ್ಣ, ಮಾಳಿಗೆ ಬೂದಿ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳವು. ಕೆಲವು ಕಾರ್ಖಾನೆ ಪಕ್ಕದಲ್ಲಿ ಮನೆ ಇರುವವರು ಬರೆದದ್ದು, ಕೆಲವು ಕಾರ್ಖಾನೆ ನಡೆಸುವವರು ಬರೆದದ್ದು. ಇಬ್ಬರೂ ಮೊದಲು ಓದಬೇಕಾದ ಕಾಗದ ಒಂದೇ: ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆ ಘಟಕಕ್ಕೆ ಕೊಟ್ಟ ಕಾರ್ಯಾಚರಣೆ ಸಮ್ಮತಿ ಪತ್ರ. ಅದನ್ನು ಮುಂದಿಟ್ಟುಕೊಂಡೇ ಇಲ್ಲಿನ ಉತ್ತರಗಳನ್ನು ಬರೆದಿದ್ದೇವೆ.

ಪ್ರಶ್ನೆ: ನಮ್ಮ ಮನಿ ಅನಗೋಳ ಕಡೆ. ಸಂಜಿ ನಾಲ್ಕರ ಸುಮಾರಿಗೆ ಹಿಂದಿನ ಫೌಂಡ್ರಿಯವರು ಭಟ್ಟಿ ಹಚ್ಚತಾರ. ಒಣಗಾಕಿದ ಅರಿವಿ ಮ್ಯಾಲೆ ಕರಿ ಧೂಳ ಕೂಡತೈತಿ, ರಾತ್ರಿ ಗಂಟಲಾ ಉರಿತೈತಿ. ಮಹಾನಗರ ಪಾಲಿಕೆಗೆ ಎರಡು ಸಲ ಅರ್ಜಿ ಕೊಟ್ಟೇವಿ, ಏನೂ ಆಗಲಿಲ್ಲ. ಯಾರಿಗೆ ಬರೀಬೇಕು, ಏನಂತ ಬರೀಬೇಕು?
– ಓದುಗರು, ಬೆಳಗಾವಿ

ಉತ್ತರ: ಅರ್ಜಿ ಹೋದ ಬಾಗಿಲೇ ಬೇರೆ. ಪಾಲಿಕೆ ಕೊಡುವುದು ವ್ಯಾಪಾರ ಪರವಾನಿಗೆ. ಚಿಮಣಿಯ ಹೊಗೆ 1981ರ ವಾಯು ಕಾಯ್ದೆಗೆ ಸೇರಿದ್ದು, ಅದನ್ನು ನೋಡಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯ ಬೆಳಗಾವಿ ಪ್ರಾದೇಶಿಕ ಕಚೇರಿಯವರು. ಅರ್ಜಿಯನ್ನು ಪರಿಸರ ಅಧಿಕಾರಿಗೆ ಬರೆಯಿರಿ, ಪಾಲಿಕೆಗೆ ಪ್ರತಿ ಕಳಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಆದರೆ ಅದಕ್ಕೂ ಮುಂಚೆ ಆ ಭಟ್ಟಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ, ಏಕೆಂದರೆ ಮಿತಿ ಅದರ ಮೇಲೆ ನಿಂತಿದೆ. ಕೋಕ್ ಸುಟ್ಟು ಕಬ್ಬಿಣ ಕರಗಿಸುವ ಕ್ಯುಪೋಲಾ ಗಂಟೆಗೆ 3 ಟನ್ನಿಗಿಂತ ಕಡಿಮೆ ಕರಗಿಸುತ್ತಿದ್ದರೆ, ಚಿಮಣಿಯಿಂದ ಹೊರಡುವ ಪ್ರತಿ ಘನ ಮೀಟರ್ ಗಾಳಿಯಲ್ಲಿ 450 ಮಿಲಿಗ್ರಾಂವರೆಗೆ ಧೂಳಿಗೆ ಅವಕಾಶವಿದೆ. 3 ಟನ್ ಮತ್ತು ಮೇಲ್ಪಟ್ಟದ್ದಕ್ಕೆ 150. ಕರೆಂಟಿನ ಇಂಡಕ್ಷನ್ ಭಟ್ಟಿಗೂ 150. ಸಣ್ಣ ಕ್ಯುಪೋಲಾಕ್ಕೆ ಕೊಟ್ಟ ಈ ರಿಯಾಯಿತಿ ಮನೆಗಳ ನಡುವೆ ಸಿಕ್ಕಿಕೊಂಡ ಫೌಂಡ್ರಿಯ ವಿಷಯದಲ್ಲಿ ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಆದರೆ ಕಾನೂನು ಸದ್ಯ ಹಾಗೇ ಇದೆ. ಕ್ಯುಪೋಲಾಕ್ಕೆ ಇನ್ನೊಂದು ನಿಯಮವೂ ಇದೆ. ಕಚ್ಚಾಮಾಲು ಸುರಿಯುವ ಬಾಗಿಲಿನ ಮೇಲೆ ಚಿಮಣಿ ಇರಲೇಬೇಕು, ಅದರ ಎತ್ತರ ಕ್ಯುಪೋಲಾದ ವ್ಯಾಸದ ಆರು ಪಟ್ಟಿಗೆ ಕಡಿಮೆ ಇರಬಾರದು. 750 ಮಿಲಿಮೀಟರ್ ವ್ಯಾಸದ್ದಾದರೆ ನಾಲ್ಕೂವರೆ ಮೀಟರ್. ಇದನ್ನು ರಸ್ತೆಯಲ್ಲಿ ನಿಂತೇ ಅಂದಾಜು ಮಾಡಬಹುದು.

ಹೊಗೆಯ ಬಣ್ಣ ನೋಡಿ ಬರೆದ ದೂರಿಗೆ ತೂಕ ಹೆಚ್ಚು. ಚಿಮಣಿಯಿಂದ ಬಿಳಿಯಾಗಿ ಹೊರಟು ಸ್ವಲ್ಪ ದೂರದಲ್ಲೇ ಕರಗಿಹೋದರೆ ಅದು ಹೊಗೆಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್‌ನ ನೀರಾವಿ, ಅದರ ಬಗ್ಗೆ ದೂರಿ ಫಲವಿಲ್ಲ. ಬಿಳಿಯಾಗಿಯೇ ಇದ್ದು ಮಂಜಿನಂತೆ ದೂರದವರೆಗೆ ಹರಡಿದರೆ ಸತುವಿನ ಲೇಪ ಇರುವ ತಗಡಿನ ಗುಜರಿ ಕರಗಿಸುತ್ತಿದ್ದಾರೆ ಎಂದು ಅನುಮಾನಿಸಬಹುದು. ಕಡುಕಪ್ಪು ಹೊಗೆ ಮೊದಲು ಉರಿ ಹಚ್ಚುವಾಗ ಸ್ವಲ್ಪ ಹೊತ್ತು ಬರುವುದು ಸಹಜ. ಅದು ನಿಲ್ಲದೆ ಬಂದರೆ ಲೋಹ ಕೊರೆದಾಗ ಬೀಳುವ, ಎಣ್ಣೆ ಹತ್ತಿದ ಬೋರಿಂಗ್ ಚೂರು ಹಾಕುತ್ತಿದ್ದಾರೆ, ಇಲ್ಲವೆ ಸ್ಕ್ರಬ್ಬರ್ ಪಂಪು ಬಂದ್ ಆಗಿದೆ. ಇನ್ನು ನೀಲಿ ಬೂದುಬಣ್ಣದ ಹೊಗೆ. ಅದು ಅಚ್ಚಿಗೆ ಕರಗಿದ ಲೋಹ ಸುರಿದಾಗ ಮರಳಿನಲ್ಲಿರುವ ರಾಳ ಸುಟ್ಟು ಏಳುವಂಥದ್ದು, ಗಂಟಲು ಉರಿಸುವುದೂ ಹೆಚ್ಚಾಗಿ ಅದೇ. ಇದು ಚಿಮಣಿಗೆ ಹೋಗುವುದೇ ಇಲ್ಲ, ಶೆಡ್ಡಿನ ಮಾಡಿನ ಸಂದಿಯಿಂದ ಹೊರಬೀಳುತ್ತದೆ. ಚಿಮಣಿಯಲ್ಲಿ ನಳಿಕೆ ಇಟ್ಟು ಎಷ್ಟು ಸಲ ಅಳೆದರೂ ವರದಿ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ದೂರಿನಲ್ಲಿ ‘ಚಿಮಣಿ ಪರೀಕ್ಷೆ ಮಾಡಿ’ ಎಂದಷ್ಟೇ ಬರೆದರೆ ಸಾಲದು. ‘ಲೋಹ ಸುರಿಯುವ ಜಾಗಕ್ಕೆ ಹೊಗೆ ಹೀರುವ ಹುಡ್ ಇದೆಯೇ, ಮಾಡಿನಿಂದ ಹೊಗೆ ಸೋರುತ್ತಿದೆಯೇ ಪರಿಶೀಲಿಸಿ’ ಎಂದು ಬರೆಯಿರಿ.

ಅರಿವಿ ಮೇಲಿನ ಧೂಳು ಫೌಂಡ್ರಿಯದೇ ಹೌದೋ ಅಲ್ಲವೋ ಎಂದು ನಿಮ್ಮ ಮಟ್ಟಿಗೆ ತಿಳಿಯಲು ಒಂದು ಸುಲಭ ದಾರಿ ಇದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಾಳಿಗೆ ಮೇಲೆ ಬಿದ್ದ ಧೂಳಿನ ಮೇಲೆ ನಿಧಾನಕ್ಕೆ ಆಡಿಸಿ. ಭಟ್ಟಿಯ ಧೂಳಿನಲ್ಲಿ ಕಬ್ಬಿಣದ ಕಣ ಇರುವುದರಿಂದ ಕರಿ ಮೀಸೆಯಂತೆ ಎದ್ದು ಹತ್ತಿಕೊಳ್ಳುತ್ತದೆ. ಚೀಲ ತಿರುವಿದರೆ ಕಾಗದದ ಮೇಲೆ ಉದುರುತ್ತದೆ. ಬೆಳಗಾವಿಯ ಕೆಮ್ಮಣ್ಣೂ ಸ್ವಲ್ಪ ಹತ್ತುತ್ತದೆ, ಮರೆಯಬೇಡಿ. ಅದಕ್ಕೇ ಫೌಂಡ್ರಿಯಿಂದ ಎರಡು ಕಿಲೋಮೀಟರ್ ಆಚೆ ಇರುವ ಯಾರದಾದರೂ ಮಾಳಿಗೆಯ ಧೂಳನ್ನೂ ಹೀಗೇ ನೋಡಿ ಹೋಲಿಸಿ. ಇದು ಕಾನೂನಿಗೆ ಸಾಕ್ಷಿಯಲ್ಲ, ಯಾರ ಮೇಲೆ ಬೆರಳು ತೋರಿಸಬೇಕು ಎಂಬುದಕ್ಕಷ್ಟೇ ಉಪಯೋಗ.

ಆಮೇಲೆ ಸಮ್ಮತಿ ಪತ್ರ. ಬಾಧಿತರು ಮಂಡಳಿಯ ಸಮ್ಮತಿ ದಾಖಲೆ ಪುಸ್ತಕವನ್ನು ನೋಡಬಹುದು ಎಂದು ವಾಯು ಕಾಯ್ದೆಯ 51ನೇ ಕಲಮೇ ಹೇಳುತ್ತದೆ. ಪ್ರತಿ ಬೇಕಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ‘ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಸಿದ್ಧವಾಗಿರುತ್ತದೆ. ಮೂರೇ ಕಾಗದ ಕೇಳಿ: ಜಾರಿಯಲ್ಲಿರುವ ಸಮ್ಮತಿ ಪತ್ರ, ಕೊನೆಯ ಎರಡು ಚಿಮಣಿ ಪರೀಕ್ಷಾ ವರದಿ, ಕೊನೆಯ ತಪಾಸಣಾ ವರದಿ ಮತ್ತು ಅದರ ಮೇಲೆ ಕೊಟ್ಟ ನೋಟಿಸು. ಸಮ್ಮತಿ ಪತ್ರದಲ್ಲಿ ಭಟ್ಟಿಗಳ ಸಂಖ್ಯೆ, ದಿನದ ಉತ್ಪಾದನೆ, ಚಿಮಣಿ ಎತ್ತರ, ಅಳವಡಿಸಬೇಕಾದ ಉಪಕರಣ ಎಲ್ಲ ಬರೆದಿರುತ್ತದೆ. ಒಂದು ಭಟ್ಟಿಗೆ ಸಮ್ಮತಿ ಪಡೆದು ಎರಡು ಉರಿಸುವುದು ಹೊಗೆ ಅಳೆಯದೆಯೇ ಸಾಬೀತಾಗುವ ತಪ್ಪು. ಅವಧಿ ಮುಗಿದ ಸಮ್ಮತಿಯೂ ಹಾಗೆಯೇ.

ದೂರಿನ ಒಕ್ಕಣೆ ಹೀಗಿರಲಿ: ‘ಇಂಥ ತಾರೀಕು ಸಂಜೆ 4.20ರಿಂದ 5.50ರವರೆಗೆ ನಿರಂತರ ಕಪ್ಪು ಹೊಗೆ, ಗಾಳಿ ಪಶ್ಚಿಮದಿಂದ, ಚಿತ್ರ ಲಗತ್ತಿಸಿದೆ. ಸಮ್ಮತಿ ಪತ್ರದ ಇಂಥ ಷರತ್ತಿನಲ್ಲಿ ಸ್ಕ್ರಬ್ಬರ್ ನಡೆಸಬೇಕೆಂದಿದೆ. ಭಟ್ಟಿ ನಡೆಯುವ ಹೊತ್ತಿನಲ್ಲೇ ತಪಾಸಣೆ ಮಾಡಬೇಕು.’ ಕೊನೆಯ ವಾಕ್ಯ ಬಿಡಲೇಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದ ಅಧಿಕಾರಿಗೆ ತಣ್ಣಗಿನ ಭಟ್ಟಿ ಮಾತ್ರ ಕಾಣುತ್ತದೆ. ಎರಡು ವಾರದ ಇಂಥ ದಿನಚರಿಗೆ ಓಣಿಯ ನಾಲ್ಕೈದು ಮನೆಯವರ ಸಹಿ ಸೇರಿದರೆ, ಇನ್ನೂರು ಜನರ ಸಹಿ ಇರುವ ಎರಡು ಸಾಲಿನ ಮನವಿಗಿಂತ ಅದು ಗಟ್ಟಿ.

ಇದಕ್ಕೂ ಮಂಡಳಿ ಅಲುಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು, ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ ಎಂದದ್ದು ಇದಕ್ಕಾಗಿಯೂ ಹೌದು.

ಪ್ರಶ್ನೆ: ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ಇದೆ, 500 ಕೆ.ಜಿ. ಇಂಡಕ್ಷನ್ ಭಟ್ಟಿ. ಎರಡು ವರ್ಷದ ಹಿಂದೆ ಸಾಲ ಮಾಡಿ ಹೊಗೆಯ ಧೂಳನ್ನು ಬಟ್ಟೆ ಚೀಲದಲ್ಲಿ ಸೋಸುವ, 48 ಚೀಲದ ಬ್ಯಾಗ್ ಫಿಲ್ಟರ್ ಕೂಡಿಸಿದೆವು. ಫ್ಯಾನ್ ತಿರುಗುತ್ತದೆ, ಆದರೂ ಶೆಡ್ಡಿನ ತುಂಬ ಹೊಗೆ. ಈಗ ಮಂಡಳಿಯ ನೋಟಿಸು ಬಂದಿದೆ. ತಪ್ಪು ಎಲ್ಲಿದೆ?
– ಓದುಗರು, ಬೆಳಗಾವಿ

ಉತ್ತರ: ಮೊದಲು ಫ್ಯಾನ್ ಯಾವ ದಿಕ್ಕಿಗೆ ತಿರುಗುತ್ತಿದೆ ನೋಡಿ. ನಗಬೇಡಿ. ಮೋಟರ್ ರಿವೈಂಡಿಂಗ್ ಆಗಿ ಬಂದ ಮೇಲೆ ಎರಡು ಫೇಸ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುವುದು ಆಗಾಗ ನಡೆಯುತ್ತದೆ. ಈ ಬಗೆಯ ಫ್ಯಾನ್ ಉಲ್ಟಾ ತಿರುಗಿದರೂ ಸ್ವಲ್ಪ ಗಾಳಿ ಮುಂದಕ್ಕೇ ದೂಡುತ್ತದೆ, ಅದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕವಚದ ಮೇಲಿನ ಬಾಣದ ಗುರುತಿಗೆ ಹೋಲಿಸಿ. ಬೆಲ್ಟ್ ಸಡಿಲವಾಗಿದೆಯೇ, ಅದನ್ನೂ ನೋಡಿ.

ದಿಕ್ಕು ಸರಿಯಿದ್ದರೆ ಲೆಕ್ಕಕ್ಕೆ ಬನ್ನಿ. ಫೌಂಡ್ರಿ ಧೂಳು ಕೊಳವೆಯಲ್ಲಿ ಕೂಡದಂತೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ 18ರಿಂದ 20 ಮೀಟರ್ ಬೇಕು. ನಿಮ್ಮ ಕೊಳವೆ 400 ಮಿಲಿಮೀಟರ್ ವ್ಯಾಸದ್ದು ಎಂದುಕೊಳ್ಳೋಣ. 20 ಮೀಟರ್ ವೇಗದಲ್ಲಿ ಗಂಟೆಗೆ ಸುಮಾರು 9,000 ಘನ ಮೀಟರ್, ಅಂದರೆ ನಿಮಿಷಕ್ಕೆ 150. ಇಷ್ಟು ಸೂಕ್ಷ್ಮ ಹೊಗೆಗೆ ಪ್ರತಿ ಚದರ ಮೀಟರ್ ಬಟ್ಟೆಯ ಮೂಲಕ ನಿಮಿಷಕ್ಕೆ 1.25 ಘನ ಮೀಟರ್‌ಗಿಂತ ಹೆಚ್ಚು ಗಾಳಿ ಹಾಯಿಸಬಾರದು. ಹಾಗಾದರೆ 120 ಚದರ ಮೀಟರ್ ಬಟ್ಟೆ ಬೇಕು. 150 ಮಿಲಿಮೀಟರ್ ವ್ಯಾಸದ, 3 ಮೀಟರ್ ಉದ್ದದ ಒಂದು ಚೀಲ ಕೊಡುವುದು 1.41 ಚದರ ಮೀಟರ್, ಹಾಗಾಗಿ 85 ಚೀಲ. ನಿಮ್ಮಲ್ಲಿರುವುದು 48. ಆ 48 ಚೀಲದ ಮೇಲೆ ಬೀಳುತ್ತಿರುವ ಹೊರೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 2.2 ಘನ ಮೀಟರ್. ಹೊಸದರಲ್ಲಿ ನಡೆಯುತ್ತದೆ, ಕೆಲ ತಿಂಗಳಲ್ಲಿ ಬಟ್ಟೆಯ ರಂಧ್ರ ಕಟ್ಟಿಕೊಂಡು ಗಾಳಿ ಹೋಗದೆ ಹೊಗೆ ಶೆಡ್ಡಿಗೇ ತಿರುಗುತ್ತದೆ. ಕಡಿಮೆ ದರ ಹೇಳಿದ ಕೊಟೇಶನ್ನಿನಲ್ಲಿ ಕಡಿತವಾಗಿರುವುದು ಹೆಚ್ಚಾಗಿ ಈ ಬಟ್ಟೆಯೇ. ನಿಮ್ಮ ಕೊಳವೆಯ ವ್ಯಾಸ, ಚೀಲದ ಅಳತೆ ಹಾಕಿ ಇದೇ ಲೆಕ್ಕ ಮಾಡಿ, ಆಮೇಲೆ ಕೂಡಿಸಿದವರನ್ನು ಕರೆಸಿ.

ಚೀಲದ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ನೀರಿನ ಯು-ನಳಿಕೆ ಗೋಡೆಗೆ ಹಾಕಿಸಿ. ನಳಿಕೆಯ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 100ರಿಂದ 150 ಮಿಲಿಮೀಟರ್ ಇದ್ದರೆ ಸರಿ. 200 ದಾಟಿದರೆ ಚೀಲ ಕಟ್ಟಿದೆ. 50ಕ್ಕೆ ಇಳಿದರೆ ಸಂತೋಷಪಡಬೇಡಿ, ಚೀಲ ಹರಿದಿದೆ. ಝಾಡಿಸುವ ಸಂಕುಚಿತ ಗಾಳಿ 5ರಿಂದ 6 ಕೆ.ಜಿ. ಒತ್ತಡದಲ್ಲಿರಲಿ, ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಬಿಡಿ. ಗಾಳಿಯ ಜೊತೆ ನೀರು ಹೋದರೆ ಧೂಳು ಬಟ್ಟೆಯ ಮೇಲೆ ಗಾರೆಯಾಗುತ್ತದೆ, ಬೆಳಗಾವಿಯ ಮಳೆಗಾಲದಲ್ಲಂತೂ ಖಂಡಿತ. ಪಾಲಿಯೆಸ್ಟರ್ ಚೀಲಕ್ಕೆ 130 ಡಿಗ್ರಿ ಮೇಲೆ ತಾಳಿಕೆ ಇಲ್ಲ, ಕಿಡಿಗೆ ಮೊದಲೇ ಇಲ್ಲ. ಫಿಲ್ಟರಿಗೆ ಮುಂಚೆ ಕಿಡಿ ಬೀಳುವ ಪೆಟ್ಟಿಗೆಯೊಂದು ಇರಲಿ.

ಹುಡ್ ಎಲ್ಲಿದೆ? ಕ್ರೇನ್ ಹಾಯಲಿ ಎಂದು ಭಟ್ಟಿಯಿಂದ ಎರಡು ಮೀಟರ್ ಮೇಲೆ ತೂಗುಹಾಕಿದ್ದರೆ, ಬಾಗಿಲಿನಿಂದ ಬರುವ ಅಡ್ಡಗಾಳಿ ಹೊಗೆಯನ್ನು ಹುಡ್ ಮುಟ್ಟಲು ಬಿಡುವುದಿಲ್ಲ. ಪಕ್ಕಕ್ಕೆ ತಿರುಗಿಸಬಹುದಾದ ಹುಡ್ ಅಥವಾ ಭಟ್ಟಿಯ ಬಾಯಿಯ ಅಂಚಿನಲ್ಲೇ ಹೀರುವ ಉಂಗುರ ಮಾಡಿಸಿ. ಕಡಿಮೆ ಗಾಳಿಯಲ್ಲೇ ಹೆಚ್ಚು ಹೊಗೆ ಸಿಗುತ್ತದೆ, 48 ಚೀಲದಲ್ಲೇ ಕೆಲಸ ಆಗುವ ಸಾಧ್ಯತೆಯೂ ಇದೆ. ಹೊಸ ಚೀಲ ಕೊಳ್ಳುವ ಮುಂಚೆ ಇದನ್ನೇ ಮಾಡಿ ಎನ್ನುತ್ತೇವೆ. ಗುಜರಿಯಲ್ಲಿ ಸತುವಿನ ತಗಡು, ಎಣ್ಣೆ ಚೂರು ಬರದಂತೆ ಆರಿಸಲು ಒಬ್ಬ ಆಳು ಇಟ್ಟರೆ ಅದೂ ಫಿಲ್ಟರಿನಷ್ಟೇ ಉಪಕಾರ.

ನೋಟಿಸಿಗೆ ಉತ್ತರ ಕೊಡುವಾಗ ‘ಉಪಕರಣ ಅಳವಡಿಸಿದ್ದೇವೆ’ ಎಂದು ಬರೆದು ಸುಮ್ಮನಾಗಬೇಡಿ. ಅದು ಅವರಿಗೆ ಗೊತ್ತಿದೆ, ನಡೆಯುತ್ತಿದೆಯೇ ಎಂಬುದೇ ಅವರ ಪ್ರಶ್ನೆ. ಫಿಲ್ಟರಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇಟ್ಟು, ಭಟ್ಟಿಯ ಯೂನಿಟ್ಟಿನ ಎದುರಿಗೆ ಅದರ ಯೂನಿಟ್ ದಿನಾ ಬರೆದ ಪುಸ್ತಕ ತೋರಿಸಿ. ಯಾವ ದೋಷ, ಯಾವ ತಾರೀಕಿಗೆ ದುರಸ್ತಿ, ಯಾವಾಗ ಮರುಪರೀಕ್ಷೆ ಎಂದು ಬರೆಯಿರಿ. ಚಿಮಣಿಗೆ ಅಳತೆಯ ರಂಧ್ರ, ಏಣಿ, ನಿಲ್ಲಲು ಕಟ್ಟೆ ಇಲ್ಲದಿದ್ದರೆ ಅದೇ ಒಂದು ಉಲ್ಲಂಘನೆಯಾಗುತ್ತದೆ. ರಂಧ್ರ ಇರಬೇಕಾದದ್ದು ಕೆಳಗಿನ ತಿರುವಿನಿಂದ ವ್ಯಾಸದ ಎಂಟು ಪಟ್ಟು ಮೇಲೆ, ತುದಿಯಿಂದ ಎರಡು ಪಟ್ಟು ಕೆಳಗೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಕೇಂದ್ರ ಮಂಡಳಿಯ ಪರಿಸರ ಪರಿಹಾರ ಸೂತ್ರದಲ್ಲಿ ಕಿತ್ತಳೆ ವರ್ಗದ (ಮಾಲಿನ್ಯದಲ್ಲಿ ಕೆಂಪು ವರ್ಗದ ನಂತರದ್ದು) ಸೂಚ್ಯಂಕ 50, ಸಣ್ಣ ಘಟಕದ ಗುಣಕ 0.5, ದರ ಸಾಮಾನ್ಯವಾಗಿ 250 ರೂಪಾಯಿ, ಜನಸಂಖ್ಯೆ 10 ಲಕ್ಷದೊಳಗಿನ ಊರಿಗೆ ಸ್ಥಳ ಗುಣಕ 1. ಇವನ್ನು ಗುಣಿಸಿದರೆ ದಿನಕ್ಕೆ 6,250 ರೂಪಾಯಿ, ಮೂವತ್ತು ದಿನಕ್ಕೆ 1,87,500. ಘಟಕ ಎಷ್ಟೇ ಸಣ್ಣದಿರಲಿ, ದಿನಕ್ಕೆ 5,000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇದಲ್ಲದೆ ವಾಯು ಕಾಯ್ದೆಯ ದಂಡವೇ 2024ರ ಏಪ್ರಿಲ್‌ನಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ಇದೆ.

ಪ್ರಶ್ನೆ: ಮಚ್ಛೆ ಭಾಗದಲ್ಲಿ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಮಾಡುತ್ತೇವೆ. ತೊಳೆದ ನೀರಿಗೆ ಸುಣ್ಣ ಹಾಕಿ ಬಿಡುತ್ತೇವೆ, ಆದರೂ ಪರೀಕ್ಷೆಯಲ್ಲಿ ಫೇಲ್. ಸುಣ್ಣ ಎಷ್ಟು ಹೆಚ್ಚಿಸಬೇಕು?
– ಓದುಗರು, ಬೆಳಗಾವಿ ತಾಲ್ಲೂಕು

ಉತ್ತರ: ಮೂಟೆಗಟ್ಟಲೆ ಸುಣ್ಣ ಹಾಕಿದರೂ ಆಗದು. ಹಳದಿ ನೀರಿನಲ್ಲಿರುವುದು ಷಡ್ವೇಲೆನ್ಸಿಯ ಕ್ರೋಮಿಯಂ, ಅದು ಸುಣ್ಣಕ್ಕೆ ತಳ ಸೇರುವುದಿಲ್ಲ. ಮೊದಲು ಅದನ್ನು ತಳ ಸೇರಬಲ್ಲ ತ್ರಿವೇಲೆನ್ಸಿ ರೂಪಕ್ಕೆ ಇಳಿಸಬೇಕು, ಸುಣ್ಣದ ಸರದಿ ಆಮೇಲೆ. ನೀವು ಎರಡನೇ ಹೆಜ್ಜೆಯನ್ನಷ್ಟೇ ಇಡುತ್ತಿದ್ದೀರಿ.

ತೊಟ್ಟಿಯ ನೀರಿಗೆ ಗಂಧಕಾಮ್ಲ ಹಾಕಿ ಪಿಎಚ್ 2ರಿಂದ 2.5ಕ್ಕೆ ತನ್ನಿ. ನಂತರ ಸೋಡಿಯಂ ಮೆಟಾಬೈಸಲ್ಫೈಟ್, ಒಂದು ಗ್ರಾಂ ಕ್ರೋಮಿಯಂಗೆ ಮೂರು ಗ್ರಾಂ ಲೆಕ್ಕದಲ್ಲಿ. 1,000 ಲೀಟರ್ ನೀರು, ಲೀಟರಿಗೆ 50 ಮಿಲಿಗ್ರಾಂ ಇದ್ದರೆ ಒಟ್ಟು 50 ಗ್ರಾಂ ಕ್ರೋಮಿಯಂ. 150 ಗ್ರಾಂ ಪುಡಿ ಸಾಕು, ಮುಗ್ಗಿದ ಪುಡಿಯಾದರೆ 200 ಹಿಡಿಯಿರಿ. ಅರ್ಧ ಗಂಟೆ ಕಲಕಿ. ಹಳದಿ ಹೋಗಿ ತಿಳಿ ಹಸಿರು ಬರುತ್ತದೆ. ಪಿಎಚ್ 4 ದಾಟಿದ್ದರೆ ಈ ಕ್ರಿಯೆ ತೆವಳುತ್ತದೆ, ಪಿಎಚ್ ಪಟ್ಟಿಯ ಹಳೇ ಡಬ್ಬಿ ನಂಬಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಹಸಿರಾದ ಮೇಲೆ ಸುಣ್ಣದ ತಿಳಿ ಹಾಕಿ 8.5ರಿಂದ 9ಕ್ಕೆ ಏರಿಸಿ, ಹಸಿರು ಗಸಿ ಇಳಿಯಲು ಬಿಡಿ. 9ಕ್ಕಿಂತ ಬಹಳ ಮೇಲೆ ಹೋದರೆ ತಳ ಸೇರಿದ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ. ಹೊರಬಿಡುವ ನೀರಿನಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಕಣ್ಣಿಗೆ ಹಳದಿ ಕಂಡರೆ ಮಿತಿ ಬಹಳ ದಾಟಿದೆ, ಕಾಣದಿದ್ದರೆ ಒಳಗಿದೆ ಎಂದಲ್ಲ. ಡೈಫಿನೈಲ್ ಕಾರ್ಬಜೈಡ್ ಕಿಟ್ ಇಟ್ಟುಕೊಳ್ಳಿ, ನೇರಳೆ ಬಣ್ಣ ಬಂದರೆ ಇನ್ನೂ ಉಳಿದಿದೆ.

ಎರಡು ಎಚ್ಚರಿಕೆ. ಮೆಟಾಬೈಸಲ್ಫೈಟ್ ಆಮ್ಲಕ್ಕೆ ಬಿದ್ದಾಗ ಗಂಧಕದ ಉಸಿರುಗಟ್ಟುವ ಹೊಗೆ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಸತು ಅಥವಾ ತಾಮ್ರದ ಸೈನೈಡ್ ತೊಟ್ಟಿಯೂ ಇದ್ದರೆ ಅದರ ನೀರು ಈ ಆಮ್ಲದ ತೊಟ್ಟಿಗೆ ಒಂದು ಹನಿಯೂ ಬರಕೂಡದು. ಹೊರಡುವುದು ಹೈಡ್ರೋಜನ್ ಸೈನೈಡ್, ಪ್ರಾಣವೇ ಹೋಗುತ್ತದೆ. ಕೊಳವೆ, ಪಂಪು, ಗಸಿ ಎಲ್ಲ ಬೇರೆ ಬೇರೆ ಇರಲಿ.

ಗಸಿ ಅಪಾಯಕಾರಿ ತ್ಯಾಜ್ಯ. ಒಣಗಿಸಿ, ಚೀಟಿ ಹಚ್ಚಿದ ಡ್ರಮ್ಮಿನಲ್ಲಿ ಮಾಡಿನ ಕೆಳಗೆ 90 ದಿನ ಮೀರದಂತೆ ಇಟ್ಟು, ನಮೂನೆ 10ರ ಸಾಗಣೆ ಚೀಟಿಯೊಂದಿಗೆ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ತಾಣಕ್ಕೆ ಕಳಿಸಬೇಕು. ದೂರ ಹೌದು, ಸಾಗಣೆ ವೆಚ್ಚ ಹೆಚ್ಚು ಹೌದು. ಅದಕ್ಕೇ ಗಸಿ ಕಡಿಮೆ ಮಾಡುವುದೇ ಲಾಭ. ಒಂದೇ ತೊಳೆಯುವ ತೊಟ್ಟಿಯ ಬದಲು ಮೂರು ಇಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು ಹಿಂದಕ್ಕೆ ಹರಿಸಿ. ಮೊದಲ ತೊಟ್ಟಿಯ ದಟ್ಟ ನೀರು ಪ್ಲೇಟಿಂಗ್ ತೊಟ್ಟಿಗೇ ಮರಳಿ ಹೋಗುತ್ತದೆ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಮನೆ ಪಕ್ಕ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ಕರೆಂಟ್ ಹೋದರೆ ರಾತ್ರಿಯಿಡೀ ಜನರೇಟರ್. ಒಮ್ಮೊಮ್ಮೆ ಅಮೋನಿಯಾ ನಾತವೂ ಬರುತ್ತದೆ.
– ಓದುಗರು, ವಿಜಯಪುರ

ಉತ್ತರ: ಜನರೇಟರಿಗೆ ಶಬ್ದ ತಡೆಯುವ ಗೂಡು ಇರಬೇಕು, ಗೂಡಿನಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಗೂಡು ಇದ್ದೂ ಅದರ ಬಾಗಿಲು ತೆರೆದಿಟ್ಟು ಓಡಿಸುವುದು ಬೇಸಿಗೆಯ ಮಾಮೂಲಿ ಚಾಳಿ, ದೂರಿನಲ್ಲಿ ಅದನ್ನು ಹೆಸರಿಸಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಅದನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು ಎಂದು 2000ದ ಶಬ್ದ ನಿಯಮ ಹೇಳುತ್ತದೆ. ಮೊಬೈಲ್ ಆ್ಯಪ್‌ನ ಅಂಕಿ ನಿಮ್ಮ ಅಂದಾಜಿಗೆ ಮಾತ್ರ. ಹೊಗೆ ಕೊಳವೆಯ ಎತ್ತರಕ್ಕೆ ಸೂತ್ರ ಇದೆ: ಕಟ್ಟಡದ ಎತ್ತರದ ಮೇಲೆ, ಜನರೇಟರಿನ ಕೆವಿಎ ಸಾಮರ್ಥ್ಯದ ವರ್ಗಮೂಲದ 0.2 ಪಟ್ಟು ಮೀಟರ್. 250 ಕೆವಿಎಗೆ ಮಾಡಿನಿಂದ 3.2 ಮೀಟರ್ ಮೇಲೆ.

ಅಮೋನಿಯಾ ನಾತ ಪದೇ ಪದೇ ಬಂದರೆ ವಾಲ್ವಿನ ಗ್ಲ್ಯಾಂಡ್ ಅಥವಾ ಎಣ್ಣೆ ತೆಗೆಯುವ ಕೊಳವೆ ಸೋರುತ್ತಿರಬಹುದು, ಕಾರ್ಖಾನೆಗಳ ಇಲಾಖೆಗೂ ಬರೆಯಿರಿ. ಕಣ್ಣು ಉರಿಯುವಷ್ಟಾದರೆ ಅರ್ಜಿ ಬರೆಯುತ್ತ ಕೂಡಬೇಡಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿಯಿರಿ, 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ಸಣ್ಣ ಘಟಕದವರು ವರ್ಷಕ್ಕೆ ಯಾವ ಯಾವ ಕಾಗದ ತುಂಬಬೇಕು?
– ಓದುಗರು, ಬಾಗಲಕೋಟೆ

ಉತ್ತರ: ಅಪಾಯಕಾರಿ ತ್ಯಾಜ್ಯ ಇದ್ದರೆ ನಮೂನೆ 4, ಜೂನ್ 30ರೊಳಗೆ. ಸಮ್ಮತಿ ಪಡೆಯಬೇಕಾದ ಘಟಕಗಳಿಗೆ ಪರಿಸರ ವಿವರಣೆಯ ನಮೂನೆ 5, ಸೆಪ್ಟೆಂಬರ್ 30ರೊಳಗೆ. ಸಮ್ಮತಿ ನವೀಕರಣದ ಅರ್ಜಿ ನಿರ್ಧರಿಸಲು ಕಾಯ್ದೆ ಮಂಡಳಿಗೆ ನಾಲ್ಕು ತಿಂಗಳು ಕೊಟ್ಟಿದೆ, ನೀವೂ ಅವಧಿ ಮುಗಿಯುವ ನಾಲ್ಕು ತಿಂಗಳ ಮುಂಚೆಯೇ ಹಾಕಿ.

ಪ್ರಶ್ನೆ: ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತೇವೆ. ದಿನಕ್ಕೆ ಮೂರ್ನಾಲ್ಕು ಸಾವಿರ ಲೀಟರ್ ನೀರು. ಗಟಾರಕ್ಕೆ ಕೆಂಪು, ನೀಲಿ ಹರಿಯುತ್ತದೆ ಎಂದು ಜಗಳ. ಇಷ್ಟು ಸಣ್ಣವರಿಗೆ ಶುದ್ಧೀಕರಣ ಘಟಕ ಹೇಗೆ ಸಾಧ್ಯ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಬಣ್ಣ ತೆಗೆಯುವುದು ಕಷ್ಟವಲ್ಲ, ಉಪ್ಪು ತೆಗೆಯುವುದು ಕಷ್ಟ. ರಿಯಾಕ್ಟಿವ್ ಬಣ್ಣದಲ್ಲಿ ಗಾಢ ಶೇಡಿಗೆ ಲೀಟರಿಗೆ 50ರಿಂದ 80 ಗ್ರಾಂ ಉಪ್ಪು ಹಾಕುತ್ತೀರಿ. ಅಷ್ಟೂ ಉಪ್ಪು ಹೊರಬರುತ್ತದೆ, ಯಾವ ಪಟಿಕ, ಯಾವ ಸುಣ್ಣವೂ ಅದನ್ನು ಹಿಡಿಯುವುದಿಲ್ಲ. ಬಣ್ಣ ತಿಳಿಯಾದ ನೀರು ಹೊಲಕ್ಕೆ ಬಿಟ್ಟರೆ ಮಣ್ಣು ಸವುಳಾಗುವುದು ಈ ಉಪ್ಪಿನಿಂದಲೇ.

ಹಾಗಾಗಿ ಮೊದಲ ಕೆಲಸ ಬೇರ್ಪಡಿಸುವುದು. ಬಣ್ಣದ ತೊಟ್ಟಿಯ ನೀರು ಮತ್ತು ಮೊದಲ ತೊಳೆತದ ನೀರು ಒಂದು ಕಡೆ, ಉಳಿದ ತೊಳೆತಗಳು ಇನ್ನೊಂದು ಕಡೆ. ಉಪ್ಪಿನ ಬಹುಪಾಲು ಮೊದಲನೆಯದರಲ್ಲಿದೆ, ಆದರೆ ಅದರ ಪ್ರಮಾಣ ಸಣ್ಣದು. ಅದನ್ನು ತಳಕ್ಕೆ ಹಾಳೆ ಹಾಸಿದ, ಗೇಣುದ್ದ ಆಳದ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸಿ. ಬಾಗಲಕೋಟೆಯ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು, ಮಳೆಗಾಲಕ್ಕೆ ಮಾತ್ರ ಮೇಲೆ ಹೊದಿಕೆ ಬೇಕು. ಎರಡನೆಯದಕ್ಕೆ ಫೆರಸ್ ಸಲ್ಫೇಟ್ ಮತ್ತು ಸುಣ್ಣ. ಪ್ರಮಾಣವನ್ನು ಪುಸ್ತಕ ನೋಡಿ ಹಾಕಬೇಡಿ. ಐದು ಒಂದು-ಲೀಟರ್ ಬಾಟಲಿಗಳಲ್ಲಿ ಅದೇ ದಿನದ ನೀರು ತುಂಬಿ 200, 300, 400, 500, 600 ಮಿಲಿಗ್ರಾಂ ಫೆರಸ್ ಸಲ್ಫೇಟ್ ಹಾಕಿ, ಸುಣ್ಣದ ತಿಳಿಯಿಂದ ಪಿಎಚ್ 9ರ ಆಸುಪಾಸಿಗೆ ತಂದು, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಡಿ. ತಿಳಿಯಾದ ಬಾಟಲಿಗಳಲ್ಲಿ ಕಡಿಮೆ ಪುಡಿ ಬಿದ್ದದ್ದೇ ಆ ಶೇಡಿನ ಪ್ರಮಾಣ. ವ್ಯಾಟ್ ಬಣ್ಣ ಬೇಗ ತಳ ಸೇರುತ್ತದೆ, ರಿಯಾಕ್ಟಿವ್ ಸತಾಯಿಸುತ್ತದೆ. ಶೇಡ್ ಬದಲಾದಾಗ ಪರೀಕ್ಷೆ ಮತ್ತೆ ಮಾಡಬೇಕು. ಹೀಗೆ ತಿಳಿಯಾದ ನೀರನ್ನು ಮುಂದಿನ ದಿನದ ಮೊದಲ ತೊಳೆತಕ್ಕೆ ಬಳಸಿ. ನಾಲ್ಕು ಸಾವಿರ ಲೀಟರಿಗೆ ಎರಡು ಸಿಮೆಂಟ್ ತೊಟ್ಟಿ, ಒಂದು ಕಲಕುವ ಮೋಟರ್, ಗಸಿ ಒಣಗಿಸುವ ಮರಳಿನ ಹಾಸು ಸಾಕು. ಹತ್ತು ಜನ ಕೂಡಿದರೆ ಸಾಮೂಹಿಕ ಘಟಕ ಅಗ್ಗ. ಅಲ್ಲಿ ಕೆಡುವುದು ಯಂತ್ರವಲ್ಲ, ವಂತಿಗೆ. ನೀರಿನ ಮೀಟರ್ ಇಟ್ಟು ಲೀಟರಿನ ಲೆಕ್ಕದಲ್ಲಿ ಹಣ ಹಂಚಿ.

ಪ್ರಶ್ನೆ: ಮುಧೋಳ ಕಡೆಯವರು ನಾವು. ಕಬ್ಬು ನುರಿಸುವ ಹಂಗಾಮಿನಲ್ಲಿ ಮಾಳಿಗೆ ಮೇಲೆ ಕರಿ ಬೂದಿ ಬೀಳುತ್ತದೆ, ರಾತ್ರಿ ಹೆಚ್ಚು. ಊರ ಹಳ್ಳದ ನೀರು ಕಪ್ಪಾಗಿ ನಾರುತ್ತದೆ. ಕಾರ್ಖಾನೆಯವರು ‘ಆನ್‌ಲೈನ್ ಮೀಟರ್ ಇದೆ, ಎಲ್ಲ ಸರಿ ಇದೆ’ ಎನ್ನುತ್ತಾರೆ.
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಬಿದ್ದದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಹಗುರಾಗಿ ಪುಡಿಯಾಗಿ ಕಪ್ಪು ಹತ್ತಿದರೆ ಬಾಯ್ಲರ್ ಬೂದಿ. ಹಳದಿ ನಾರು, ಪುಡಿಯಾಗದು ಎಂದರೆ ಅದು ಬಯಲಲ್ಲಿ ರಾಶಿ ಹಾಕಿದ ಕಬ್ಬಿನ ಸಿಪ್ಪೆಯಿಂದ ಹಾರಿದ್ದು, ಚಿಮಣಿಗೂ ಅದಕ್ಕೂ ಸಂಬಂಧವಿಲ್ಲ. ರಾಶಿಗೆ ಹೊದಿಕೆ, ಬೇಲಿಗೆ ಬಲೆ, ನೀರು ಚಿಮುಕಿಸುವುದು ಅದರ ಮದ್ದು.

ಬಾಯ್ಲರ್ ಚಿಮಣಿಗೆ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ರಾತ್ರಿ ಹೆಚ್ಚಾಗುವುದಕ್ಕೆ ಕಾರಣಗಳು ಗೊತ್ತಿರುವಂಥವೇ. ಬಾಯ್ಲರ್ ನಳಿಕೆಗಳ ಮಸಿ ಊದಿ ತೆಗೆಯುವ ಕೆಲಸ ಆ ಹೊತ್ತಿಗೆ ಇಟ್ಟುಕೊಂಡಿರಬಹುದು. ಸ್ಥಾಯೀ ವಿದ್ಯುತ್ ಧೂಳು ಹಿಡಿಯುವ ಯಂತ್ರದ ಕೆಳಗಿನ ಬೂದಿ ಹೊಟ್ಟೆ ಖಾಲಿ ಮಾಡದೆ ಬಿಟ್ಟರೆ ಬೂದಿ ತಟ್ಟೆಗಳವರೆಗೆ ಏರಿ ಆ ವಿಭಾಗವೇ ಟ್ರಿಪ್ ಆಗುತ್ತದೆ. ನೀರಿನ ಸ್ಕ್ರಬ್ಬರ್ ಆದರೆ ಬೂದಿ ನೀರನ್ನೇ ಮತ್ತೆ ತಿರುಗಿಸಿ ತಿರುಗಿಸಿ ನಾಜಲ್ ಕಟ್ಟಿರುತ್ತದೆ. ಕಬ್ಬು ಬರದೆ ಗಿರಣಿ ನಿಂತು ಮತ್ತೆ ಶುರುವಾಗುವಾಗಲೂ, ಸಿಪ್ಪೆಯ ತೇವ 50 ಪ್ರತಿಶತ ದಾಟಿದಾಗಲೂ ಅರೆಬೆಂದ ಕಣ ಹಾರುತ್ತವೆ.

ಆನ್‌ಲೈನ್ ಮೀಟರ್ ಎಂಬುದು ನಿಮಗೆ ಅನುಕೂಲವೇ. ಸಕ್ಕರೆ ಮತ್ತು ಡಿಸ್ಟಿಲರಿ ಕೇಂದ್ರ ಮಂಡಳಿ ಗುರುತಿಸಿದ 17 ಅತಿ ಮಾಲಿನ್ಯಕಾರಿ ಉದ್ಯಮ ವರ್ಗಗಳಲ್ಲಿವೆ. ಅವುಗಳ ನಿರಂತರ ಅಳತೆಯ ಅಂಕಿ ಮಂಡಳಿಯ ಸರ್ವರಿಗೆ ಹೋಗಲೇಬೇಕೆಂದು 2014ರಲ್ಲೇ ನಿರ್ದೇಶನವಾಗಿದೆ. ಬೂದಿ ಬಿದ್ದ ತಾರೀಕು, ಗಂಟೆ ಬರೆದಿಟ್ಟು ಆ ಗಂಟೆಗಳ ಅಂಕಿಯನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ. ಮಿತಿ ಮೀರಿದ ಅಂಕಿಗಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ: ಗಂಟೆಗಟ್ಟಲೆ ಒಂದೇ ಸಂಖ್ಯೆ, ಅಥವಾ ಪ್ರತಿ ರಾತ್ರಿ ಅದೇ ಹೊತ್ತಿಗೆ ಅಂಕಿ ಇಲ್ಲದ ಖಾಲಿ ಜಾಗ. ನಡೆಯುತ್ತಿರುವ ಬಾಯ್ಲರಿನ ಧೂಳು ಎಂದೂ ಗೆರೆ ಎಳೆದಂತೆ ಇರುವುದಿಲ್ಲ.

ಹಳ್ಳದ ವಿಷಯ. 2016ರ ಮಾನದಂಡದಂತೆ ಸಕ್ಕರೆ ಕಾರ್ಖಾನೆ ಟನ್ ಕಬ್ಬಿಗೆ 100 ಲೀಟರ್ ಶುದ್ಧೀಕರಿಸಿದ ತ್ಯಾಜ್ಯ, 100 ಲೀಟರ್ ತಂಪುಗೊಳಿಸುವ ಕೊಳದ ಹೆಚ್ಚುವರಿ ನೀರು ಬಿಡಬಹುದು, ಅದೂ ಒಂದೇ ಹೊರದಾರಿಯಿಂದ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಐದು ಲಕ್ಷ ಮತ್ತು ಐದು ಲಕ್ಷ ಲೀಟರ್. ಎರಡನೇ ಕೊಳವೆ ಎಲ್ಲಾದರೂ ಕಂಡರೆ ಅದರ ಚಿತ್ರ, ಜಾಗದ ಗುರುತು ಸಾಕು, ನೀರು ಪರೀಕ್ಷಿಸುವ ಮುಂಚೆಯೇ ಅದು ಉಲ್ಲಂಘನೆ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆ ಕೊಳೆಯುವಾಗ ಹೀರುವ ಆಮ್ಲಜನಕದ ಲೆಕ್ಕ. ಅದರ ಮಿತಿ ಹಳ್ಳ-ಹೊಳೆಗೆ ಬಿಡುವುದಾದರೆ ಲೀಟರಿಗೆ 30 ಮಿಲಿಗ್ರಾಂ, ಭೂಮಿಗೆ ಹಾಯಿಸುವುದಾದರೆ 100. ನೀರಾವರಿಗೆ ಬೇಡಿಕೆ ಇಲ್ಲದ ದಿನಗಳಿಗಾಗಿ 15 ದಿನದ ನೀರು ಹಿಡಿಯುವ ಕೊಳವೂ ಇರಬೇಕು. ಚಹಾ ಡಿಕಾಕ್ಷನ್ ಬಣ್ಣ, ಕಾಕಂಬಿ ವಾಸನೆ ಇದ್ದರೆ ಅದು ಸಕ್ಕರೆ ಕಾರ್ಖಾನೆಯ ನೀರಲ್ಲ, ಡಿಸ್ಟಿಲರಿಯ ಸ್ಪೆಂಟ್ ವಾಶ್, ಅಂದರೆ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆ ನೀರು. ಅದರ ಬಿಒಡಿ ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತದೆ, ಹೊರಬಿಡಲು ಅನುಮತಿಯೇ ಇಲ್ಲ. ಮೊದಲ ದೊಡ್ಡ ಮಳೆಯ ರಾತ್ರಿ ಸ್ಪೆಂಟ್ ವಾಶ್ ಕೂಡಿಟ್ಟ ಕೊಳದ ಒಡ್ಡು ‘ತಾನಾಗಿ’ ಒಡೆಯುವ ಕಥೆ ಈ ಭಾಗದವರಿಗೆ ಹೊಸದಲ್ಲ. ಜೂನ್ ಆರಂಭದಲ್ಲೇ ಮಂಡಳಿಯ ಬಾಗಲಕೋಟೆ ಕಚೇರಿಗೆ ಬರೆದು ಕೊಳದ ಮಟ್ಟ ಪರಿಶೀಲಿಸಲು ಕೇಳಿ.

ನೀವು ತುಂಬಿದ ಬಾಟಲಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಜಲ ಕಾಯ್ದೆಯ 21ನೇ ಕಲಮಿನಂತೆ ಮಂಡಳಿಯವರು ಕಾರ್ಖಾನೆಯವರಿಗೆ ತಿಳಿಸಿ ತೆಗೆದು, ಮೊಹರು ಮಾಡಿದ್ದಷ್ಟೇ ಸಾಕ್ಷಿ. ಆದರೆ ಅವರು ಬರುವ ಹೊತ್ತಿಗೆ ನೀರು ಹರಿದುಹೋಗಿರುತ್ತದೆ, ಅದಕ್ಕೇ ನಿಮ್ಮದೂ ಒಂದು ಇರಲಿ. ಕೊಳವೆ ಹಳ್ಳ ಸೇರುವ ಜಾಗದಲ್ಲಿ ಒಂದು, ಅದಕ್ಕೆ ಮೇಲೆ ನೂರು ಮೀಟರ್ ದೂರದಲ್ಲಿ ಇನ್ನೊಂದು. ಮೇಲಿನದಿಲ್ಲದೆ ಕೆಳಗಿನದಕ್ಕೆ ಅರ್ಥವಿಲ್ಲ, ಊರ ಚರಂಡಿಯ ಕೊಳೆ ಎಂದು ತಳ್ಳಿಹಾಕುತ್ತಾರೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅಂದೇ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಮುಟ್ಟಿಸಿ. ಚೀಟಿಯ ಮೇಲೆ ಜಾಗ, ತಾರೀಕು, ಗಂಟೆಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಂಜಿನ ನೀರಿಗೆ ಹರಡಿ ಪ್ರಯೋಗಾಲಯದವರಿಗೆ ಓದಲು ಬರುವುದಿಲ್ಲ.